ಕೂದಲೆಳೆಯಷ್ಟು ಹಿಂದಕ್ಕೆ

ಸುಟ್ಟ ವಾಸನೆ ಬಂದಾಗ ಜಯಪಾಲ ಮೊದಲು ನೋಡಿದ್ದು ಬೆಂಚಿನ ಮೇಲೆ ಬಿಚ್ಚಿಟ್ಟಿದ್ದ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರನ್ನು. ಅದು ತಣ್ಣಗಿತ್ತು. ಆಮೇಲೆ ಪ್ಲಗ್ಗು ನೋಡಿದ, ವಯರುಗಳ ಹೊದಿಕೆ ನೋಡಿದ. ಎಲ್ಲ ಸರಿಯಿತ್ತು. ಕೊನೆಗೆ ತನ್ನ ಬಲಗೈ ನೋಡಿದ. ಸೋಲ್ಡರಿಂಗ್ ಐರನ್ನಿನ ಕಂಬಿ ತೋರುಬೆರಳಿನ ಪಕ್ಕಕ್ಕೆ ಒರಗಿಕೊಂಡಿತ್ತು. ಚರ್ಮ ನಡುವೆ ಬಿಳಿಯಾಗಿ, ಅಂಚಿನಲ್ಲಿ ಕಂದಾಗಿತ್ತು. ಅವನು ಐರನ್ನನ್ನು ಸ್ಟ್ಯಾಂಡಿನಲ್ಲಿಟ್ಟು, ರಿಪೇರಿಗೆ ಬಂದ ಯಾರದೋ ಸಾಮಾನನ್ನು ನೋಡುವ ಹಾಗೆ ಬೆರಳನ್ನು ದೀಪದ ಕೆಳಗೆ ಹಿಡಿದು ತಿರುಗಿಸಿ ನೋಡಿದ. ನೋವಿರಲಿಲ್ಲ.

"ಎಂತ ಜಯಪಾಲಣ್ಣ, ಕರಿದ ವಾಸನೆ?" ಹಲಗೆಯ ಅಡ್ಡಗೋಡೆಯ ಆಚೆ, ಕೌಂಟರಿನಿಂದ ಮುಹಮ್ಮದ್ ಶರೀಫ್ ಕೇಳಿದ.

"ವಯರ್ ಸಾಹೇಬ್ರೇ."

"ವಯರಾ? ನಂಗೆ ಬಂಗುಡೆ ಅಂತ ಕಂಡಿತು. ಹೊಟ್ಟೆ ಹಸಿದ್ರೆ ಹೀಗೆ ಮಾರ್ರೆ."

1996ರ ಅಕ್ಟೋಬರಿನ ಒಂದು ಭಾನುವಾರ, ಬೆಳಿಗ್ಗೆ ಹತ್ತೂವರೆ. ಬಹ್ರೇನಿನ ರಾಜಧಾನಿ ಮನಾಮದ ಹಳೇ ಪೇಟೆ ಸೂಕಿನ ಹಿಂದಿನ ಗಲ್ಲಿಯಲ್ಲಿರುವ ಆ ಅಂಗಡಿಯ ಲೈಸೆನ್ಸು ಒಬ್ಬ ಬಹ್ರೇನಿಯ ಹೆಸರಿನಲ್ಲಿತ್ತು, ಕೆಲಸದವರಿಗೆ ವೀಸಾ ಕೊಡುವ ಕಫೀಲನೂ ಅವನೇ. ಅವನು ತಿಂಗಳಿಗೊಮ್ಮೆ ಬಂದು ಒಂದು ಲೋಟ ಚಹಾ ಕುಡಿದು ಹೋಗುತ್ತಿದ್ದ. ನಡೆಸುವವನು ಉಳ್ಳಾಲದ ಬ್ಯಾರಿ ಶರೀಫ್. ಟಿವಿ, ವಿಸಿಆರ್, ಟೇಪ್‌ರೆಕಾರ್ಡರ್, ಕಾರ್ಡ್‌ಲೆಸ್ ಫೋನು, ಹೋಟೆಲುಗಳ ಬ್ಯಾಂಡಿನವರ ಆಂಪ್ಲಿಫೈಯರು, ಏನು ಕೆಟ್ಟರೂ ಅಡ್ಡಗೋಡೆಯ ಹಿಂದಿನ ಬೆಂಚಿಗೆ ಬರುತ್ತಿತ್ತು. ಆ ಬೆಂಚಿನಲ್ಲಿ ಜಯಪಾಲ ಹದಿಮೂರು ವರ್ಷದಿಂದ ಕುಳಿತಿದ್ದ. ಅವನಿಗೆ ಈಗ ನಲವತ್ತಾರು.

ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿ ಮರಗಟ್ಟಲು ಶುರುವಾದದ್ದು ಫೆಬ್ರವರಿಯಲ್ಲಿ, ಈದ್ ರಜೆ ಮುಗಿದ ವಾರ. ಮೊದಲು ಬೆರಳಿಗೆ ತೆಳು ಬಟ್ಟೆ ಸುತ್ತಿದ ಹಾಗಿತ್ತು. ಜೂನಿನ ಹೊತ್ತಿಗೆ ಬಟ್ಟೆ ದಪ್ಪವಾಯಿತು. ಆಗಸ್ಟಿನಲ್ಲಿ ಅವನು ಸೂಜಿಯಿಂದ ಚುಚ್ಚಿ ನೋಡಿದ. ರಕ್ತದ ಒಂದು ಹನಿ ಬಂತು, ಚುಚ್ಚಿದ್ದು ಗೊತ್ತಾಗಲಿಲ್ಲ.

ಅವನು ಡಾಕ್ಟರ ಹತ್ತಿರ ಹೋಗಲಿಲ್ಲ. ಅದಕ್ಕೆ ಒಂದು ಗೋಡೆ ಕಾರಣ.

ಮೂಡುಬಿದಿರೆಯಲ್ಲಿ ಅವನು ಕೆಲಸ ಕಲಿತ ರೇಡಿಯೋ ರಿಪೇರಿ ಅಂಗಡಿಯ ಎದುರಿಗೇ ಸರಕಾರಿ ಆಸ್ಪತ್ರೆಯ ಕಾಂಪೌಂಡು. ಅದರ ಮೇಲೆ ನೀಲಿ ಅಕ್ಷರದಲ್ಲಿ ಬರೆದಿತ್ತು: 'ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕುಷ್ಠರೋಗದ ಲಕ್ಷಣವಿರಬಹುದು.' ಆರು ವರ್ಷ, ತಲೆ ಎತ್ತಿದಾಗೆಲ್ಲ ಅವನು ಅದನ್ನು ಓದಿದ್ದ. 'ಸ್ಪರ್ಶಜ್ಞಾನ' ಎಂಬ ಮಾತನ್ನು ಬೇರೆಲ್ಲಿಯೂ ಕಂಡಿರಲಿಲ್ಲ, ಯಾರೂ ಆಡಿದ್ದನ್ನೂ ಕೇಳಿರಲಿಲ್ಲ. ಅವನ ಮಟ್ಟಿಗೆ ಆ ಮಾತು ಆ ಗೋಡೆಯದು, ಆ ರೋಗದ್ದು. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಮೈಯೆಲ್ಲ ಮಚ್ಚೆ ಹುಡುಕಿದ. ಸಿಗಲಿಲ್ಲ. ಬೆನ್ನಿನಲ್ಲಿ ಇರಬಹುದು, ಕಾಣುವುದಿಲ್ಲ ಎಂದುಕೊಂಡ.

ಡಿಸೆಂಬರ್ ಹದಿನೆಂಟಕ್ಕೆ ಅವನ ವೀಸಾ ಮುಗಿಯುವುದಿತ್ತು. ಹೊಸದು ಮಾಡುವಾಗ ಮೆಡಿಕಲ್ ಕೇಳಬಹುದು. ಗುರುತಿನ ಕಾರ್ಡಿನಲ್ಲಿ ಅವನ ಕೆಲಸ 'ಟೆಕ್ನಿಶಿಯನ್' ಎಂದಿತ್ತು. ಆ ಒಂದು ಶಬ್ದದ ಮೇಲೆ ಹೆಂಡತಿ ಉಮಾವತಿಯ, ಒಂಬತ್ತನೇ ಕ್ಲಾಸಿನ ಮಗಳು ಅಶ್ಮಿತಾಳ ವೀಸಾಗಳು ನಿಂತಿದ್ದವು. ಬೆಂಚು ಹೋದರೆ ಶಬ್ದ ಹೋಯಿತು, ಶಬ್ದ ಹೋದರೆ ಅವರಿಬ್ಬರು ಹೋದರು. ಇದನ್ನು ಅವನು ಫೆಬ್ರವರಿಯಿಂದ ಎಷ್ಟು ಸಲ ಯೋಚಿಸಿದ್ದನೆಂದರೆ, ಈಗ ಯೋಚಿಸಿದಾಗ ಎದೆಯಲ್ಲಿ ಏನೂ ಆಗುತ್ತಿರಲಿಲ್ಲ. ಬಸ್ಸಿನ ಹೊತ್ತನ್ನು ನೆನಪು ಮಾಡಿಕೊಂಡ ಹಾಗೆ, ಅಷ್ಟೆ.

ಬೆರಳಿಗೆ ಇನ್ಸುಲೇಶನ್ ಟೇಪು ಸುತ್ತುತ್ತಿದ್ದಾಗ ಬ್ಯಾಪ್ಟಿಸ್ಟ್ ಒಳಗೆ ಬಂದ. ಕಂಕುಳಲ್ಲಿ ಹಳೆ ಪಿಲ್ಲೋ ಕವರಿನಲ್ಲಿ ಸುತ್ತಿದ ಭಾರದ ವಸ್ತು.

"ಜಯಪಾಲಾ, ಕಂಟ್ರೋಲ್ ಹೋಯ್ತು ಮಾರಾಯ."

"ಯಾರದ್ದು? ಪೊರ್ಬುಗಳದ್ದಾ, ಪೆಡಲಿದ್ದಾ?"

"ನಂದು ಹೋಗಿ ಮೂವತ್ತು ವರ್ಷ ಆಯ್ತು, ಬೇಕಾದ್ರೆ ಹೆಲೆನಿಗೆ ಕೇಳು. ಇದು ಪೆಡಲಿದ್ದು."

ಹೆಲೆನ್ ಅವನ ಹೆಂಡತಿ, ಇರುವುದು ಮಂಗಳೂರಿನ ಬಿಜೈಯಲ್ಲಿ. ಬ್ಯಾಪ್ಟಿಸ್ಟ್, ತುಳುವರ ಮಾತಿನಲ್ಲಿ 'ಪೊರ್ಬು' ಅಂದರೆ ಕ್ರಿಶ್ಚಿಯನ್, ಐವತ್ತೈದರ ಆಳು, ಮದುವೆ ಬ್ಯಾಂಡುಗಳಲ್ಲಿ ಸ್ಟೀಲ್ ಗಿಟಾರ್ ನುಡಿಸಿ ಬೆಳೆದವನು. ಒಂಬತ್ತು ವರ್ಷದಿಂದ ಜುಫೈರಿನ ಒಂದು ಹೋಟೆಲಿನಲ್ಲಿದ್ದ. ಹತ್ತಿರದ ನೌಕಾನೆಲೆಯ ಅಮೆರಿಕನ್ ನಾವಿಕರಿಗೆ ತಮ್ಮ ಊರಿನ ಹಾಡು ಕೇಳಬೇಕು, ಆ ಹಾಡಿಗೆ ಸ್ಟೀಲ್ ಗಿಟಾರ್ ಬೇಕು. ಹೀಗಾಗಿ ವಾರಕ್ಕೆ ಎರಡು ಸಂಜೆ, ಬುಧವಾರ ಮತ್ತು ಗುರುವಾರ, ಬಿಜೈಯ ಬ್ಯಾಪ್ಟಿಸ್ಟ್ ಹೋಟೆಲಿನವರು ಕೊಟ್ಟ ಅಗಲ ಅಂಚಿನ ಟೊಪ್ಪಿ ಹಾಕಿಕೊಂಡು ಟೆಕ್ಸಾಸಿನವನಾಗುತ್ತಿದ್ದ.

ಸ್ಟೀಲ್ ಗಿಟಾರನ್ನು ಅಡ್ಡ ಮಲಗಿಸಿ ನುಡಿಸುತ್ತಾರೆ. ಎಡಗೈಯಲ್ಲಿ ಉಕ್ಕಿನ ತುಂಡೊಂದು ತಂತಿಗಳ ಮೇಲೆ ಜಾರುತ್ತದೆ, ಬಲಗೈ ಮೀಟುತ್ತದೆ, ಬಲಗಾಲು ಪೆಡಲಿನ ಮೇಲಿರುತ್ತದೆ. ಮೀಟಿದ ಕ್ಷಣದ 'ಟಣ್' ಎಂಬ ಏಟನ್ನು ಕಾಲು ಅಡಗಿಸುತ್ತದೆ, ಅದರ ಹಿಂದೆ ಬರುವ ಸ್ವರವನ್ನು ಮೆಲ್ಲಗೆ ಎತ್ತುತ್ತದೆ. ಕೇಳುವವರಿಗೆ ತಂತಿ ಅತ್ತ ಹಾಗೆ ಕೇಳುವುದು ಇದರಿಂದ. ಪೆಡಲಿನ ಹೊಟ್ಟೆಯಲ್ಲಿ ಕೆಲಸ ಮಾಡುವುದು ಒಂದು ಸಣ್ಣ ಬಿಡಿಭಾಗ. ಪುಸ್ತಕದಲ್ಲಿ ಅದರ ಹೆಸರು ಪೊಟೆನ್ಶಿಯೋಮೀಟರ್. ಮೂಡುಬಿದಿರೆಯಲ್ಲೂ ಮನಾಮದಲ್ಲೂ ರಿಪೇರಿಯವರು ಅದನ್ನು ಕಂಟ್ರೋಲ್ ಎನ್ನುತ್ತಾರೆ. ಒಳಗೆ ಲಾಳದ ಆಕಾರದ ಇದ್ದಿಲ ಪಟ್ಟಿ, ಅದರ ಮೇಲೆ ಉಜ್ಜುವ ಒಂದು ಲೋಹದ ನಾಲಿಗೆ. ರೇಡಿಯೋದ ಕಂಟ್ರೋಲನ್ನು ದಿನಕ್ಕೆ ಎರಡು ಸಲ ತಿರುಗಿಸುತ್ತಾರೆ, ಹತ್ತು ವರ್ಷ ಬರುತ್ತದೆ. ಪೆಡಲಿನದ್ದು ಒಂದೇ ಹಾಡಿನಲ್ಲಿ ಇನ್ನೂರು ಸಲ ತಿರುಗುತ್ತದೆ. ವರ್ಷದೊಳಗೆ ಪಟ್ಟಿ ಸವೆದು, ಕಾಲೊತ್ತಿದಾಗೆಲ್ಲ ಸ್ಪೀಕರಿನಲ್ಲಿ ಗರಗಸ ಎಳೆದ ಸದ್ದು.

ದ್ವೀಪದಲ್ಲಿ ಈ ಕೆಲಸ ಮಾಡುವವನು ಜಯಪಾಲ ಒಬ್ಬನೇ ಎಂದು ಹೆಸರಾಗಿತ್ತು. ಸೇತುವೆಯಾಚೆ ಸೌದಿಯ ದಹ್ರಾನಿನಲ್ಲಿ ತೈಲದ ಕೆಲಸಕ್ಕಿದ್ದ ಅಮೆರಿಕನ್ನರೂ ತಮ್ಮ ಪೆಡಲುಗಳನ್ನು ಡ್ರೈವರನ ಕೈಯಲ್ಲಿ ಕಳಿಸುತ್ತಿದ್ದರು. ಅವರಲ್ಲೊಬ್ಬ ಒಳ್ಳೆಯ ಕಂಟ್ರೋಲುಗಳ ಒಂದು ಡಬ್ಬ ತಂದುಕೊಟ್ಟಿದ್ದ. ಅದರಲ್ಲಿ ಎರಡು ಉಳಿದಿದ್ದವು.

"ಯಾವತ್ತಿಗೆ ಬೇಕು?"

"ಬುಧವಾರ. ಹೊಸ ಮ್ಯಾನೇಜರ್ ಬಂದಿದ್ದಾನೆ, ಕಿವಿ ಉಂಟು ಅವನಿಗೆ. ಹಳಬನೇ ಒಳ್ಳೆದಿದ್ದ, ಕಿವಿ ಇರ್ಲಿಲ್ಲ." ಬ್ಯಾಪ್ಟಿಸ್ಟ್ ಟೇಪು ಸುತ್ತಿದ ಬೆರಳು ನೋಡಿದ. "ಎಂತ ಆಯ್ತು?"

"ಎಂತ ಇಲ್ಲ. ಸ್ವಲ್ಪ ತಾಗಿತು."

ಅವನು ಹೋದ ಮೇಲೆ ಜಯಪಾಲ ಪೆಡಲನ್ನು ಮಗುಚಿದ. ನಾಲ್ಕು ಸ್ಕ್ರೂ ಬಿಚ್ಚಿದರೆ ಒಳಗಿನದ್ದೆಲ್ಲ ಕಾಣುತ್ತದೆ. ಕಾಲಿಡುವ ಹಲಗೆಯಿಂದ ಮೇಣ ಹಚ್ಚಿದ ಒಂದು ದಾರ ಹೊರಟು, ಕಂಟ್ರೋಲಿನ ಕಡ್ಡಿಗೆ ಹಾಕಿದ ಪುಟ್ಟ ರಾಟೆಯನ್ನು ಸುತ್ತಿ, ಆಚೆ ಸ್ಪ್ರಿಂಗಿಗೆ ಕಟ್ಟಿರುತ್ತದೆ. ಹಳೆಯ ಕಂಟ್ರೋಲಿನ ಮೂರು ವಯರುಗಳನ್ನು ಬಿಡಿಸಿದ, ನಟ್ಟು ಬಿಚ್ಚಿದ, ಹೊಸದನ್ನು ಕೂರಿಸಿದ, ಬೆಸುಗೆ ಹಾಕಿದ. ಇಷ್ಟಕ್ಕೆ ಕಣ್ಣು ಸಾಕು.

ಆಮೇಲಿನದ್ದಕ್ಕೆ ಕಣ್ಣು ಸಾಲದು. ಹಿಮ್ಮಡಿ ಪೂರ್ತಿ ಒತ್ತಿದಾಗ ಸದ್ದು ಸೊನ್ನೆಯಾಗಬೇಕು. ಅದಕ್ಕೆ ಕಂಟ್ರೋಲಿನ ಕಡ್ಡಿಯನ್ನು ಕೊನೆಯವರೆಗೆ ತಿರುಗಿಸಬೇಕು. ಕೊನೆಯಲ್ಲಿ ಒಳಗೆ ಒಂದು ತಡೆ ಇದೆ, ಜೋಳದ ಕಾಳಿನಷ್ಟು ಲೋಹ. ಅದಕ್ಕೆ ಮುಟ್ಟಿಸಿ, ಅಲ್ಲಿಂದ ಕೂದಲೆಳೆಯಷ್ಟು ಹಿಂದಕ್ಕೆ ತಂದು ರಾಟೆಯ ಸ್ಕ್ರೂ ಬಿಗಿಯಬೇಕು. ಹಿಂದಕ್ಕೆ ತರದಿದ್ದರೆ ಮನುಷ್ಯನ ಕಾಲಿನ ಭಾರವೆಲ್ಲ ಆ ತಡೆಯ ಮೇಲೆ ಬೀಳುತ್ತದೆ, ಅದು ಮುರಿಯುತ್ತದೆ. ಹೆಚ್ಚು ತಂದರೆ ಸದ್ದು ಪೂರ್ತಿ ಅಡಗುವುದಿಲ್ಲ. ಹಿಂದೆಲ್ಲ ಜಯಪಾಲ ಇದನ್ನು ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ. ಬೆರಳ ತುದಿಗೆ ಒಂದು ಕಡೆ ಗೊತ್ತಾಗುತ್ತಿತ್ತು, ಇದೇ ಜಾಗ ಎಂದು.

ಅವನು ಕಣ್ಣು ಮುಚ್ಚಿ ಕಡ್ಡಿ ತಿರುಗಿಸಿದ. ಬೆರಳುಗಳು ಏನೂ ಹೇಳಲಿಲ್ಲ. ಎಡಗೈಯಲ್ಲಿ ಪ್ರಯತ್ನಿಸಿದ. ಎಡಗೈಗೆ ಸ್ಪರ್ಶವಿತ್ತು, ಅಭ್ಯಾಸವಿರಲಿಲ್ಲ. ಕಡ್ಡಿ ಎಲ್ಲಿ ನಿಂತಿತು ಎಂದು ಗೊತ್ತಾಗುವಷ್ಟರಲ್ಲಿ ಜಾರಿ ಮುಂದೆ ಹೋಗುತ್ತಿತ್ತು.

ಮಲ್ಟಿಮೀಟರ್ ಹಚ್ಚಿದ. ಮುಳ್ಳು ಇಳಿದು ಇಳಿದು ಸೊನ್ನೆಗೆ ಬಂತು. ಮುಳ್ಳು ಸೊನ್ನೆಗೆ ಬರುವುದು ಕೊನೆ ಬಂದಾಗ ಅಲ್ಲ, ಕೊನೆಗಿಂತ ತುಸು ಮೊದಲು, ಇದ್ದಿಲು ಮುಗಿದು ಲೋಹ ಶುರುವಾದಾಗ. ಅಲ್ಲಿಂದ ತಡೆಯವರೆಗೆ ಒಂದು ಸಣ್ಣ ದೂರವಿದೆ. ಆ ದೂರದಲ್ಲಿ ಎಲ್ಲಿದ್ದರೂ ಮುಳ್ಳು ಸೊನ್ನೆಯನ್ನೇ ತೋರಿಸುತ್ತದೆ. ಇದು ಜಯಪಾಲನಿಗೆ ಗೊತ್ತಿತ್ತು. ಬೇರೆಯವರಿಗೆ ಹೇಳಿಕೊಟ್ಟದ್ದೂ ಇತ್ತು. ಆದರೂ ಇಕ್ಕುಳದಲ್ಲಿ ಕಡ್ಡಿ ಹಿಡಿದು ಕೊನೆಗೆ ತಿರುಗಿಸಿ, ಹಿಂದಕ್ಕೆ ಬಂತು ಎಂದುಕೊಂಡು ಸ್ಕ್ರೂ ಬಿಗಿದ. ಆಂಪ್ಲಿಫೈಯರಿಗೆ ಹಾಕಿ ನೋಡಿದರೆ ಎಲ್ಲ ಚೆನ್ನಾಗಿತ್ತು. ಹಿಮ್ಮಡಿಗೆ ಮೌನ, ಮುಂಗಾಲಿಗೆ ಪೂರ್ತಿ ಸದ್ದು.

ಮಂಗಳವಾರ ಬ್ಯಾಪ್ಟಿಸ್ಟ್ ಬಂದು ಪೆಡಲ್ ಒಯ್ದ.

ಶುಕ್ರವಾರ ಅಂಗಡಿಗೆ ರಜೆ. ಗುಫೂಲಿನ ಎರಡು ಕೋಣೆಯ ಮನೆಯಲ್ಲಿ ಉಮಾವತಿ ಕೋರಿರೊಟ್ಟಿಯ ಕೋಳಿಸಾರಿಗೆ ಮಸಾಲೆ ಅರೆಯುತ್ತಿದ್ದಳು. ಅಶ್ಮಿತಾ ಗೆಳತಿಯ ಮನೆಗೆ ಹೋಗಿದ್ದಳು. ಹನ್ನೊಂದೂವರೆಗೆ ಬೆಲ್ಲಾಯಿತು. ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿಸಿದ ಬ್ಯಾಪ್ಟಿಸ್ಟ್, ಇಸ್ತ್ರಿ ಹಾಕಿದ ಅಂಗಿಯಲ್ಲಿ, ಅದೇ ಪಿಲ್ಲೋ ಕವರ್ ಹಿಡಿದು ನಿಂತಿದ್ದ.

"ಉಮಕ್ಕ, ಊಟಕ್ಕೆ ಬಂದದ್ದಲ್ಲ, ಜಗಳಕ್ಕೆ ಬಂದದ್ದು. ಆದ್ರೆ ಈ ಪರಿಮಳ ಕಂಡ್ರೆ ಜಗಳ ಊಟ ಆದ್ಮೇಲೆ ಮಾಡ್ಬಹುದು."

"ಕೂತ್ಕೊಳ್ಳಿ ಪೊರ್ಬುಗಳೇ. ಎಂತಕ್ಕೆ ಜಗಳ?"

ಬ್ಯಾಪ್ಟಿಸ್ಟ್ ಪೆಡಲನ್ನು ಊಟದ ಮೇಜಿನ ಮೇಲಿಟ್ಟ. "ಬುಧವಾರ ಎಂತ ಇಲ್ಲ, ಬೆಣ್ಣೆ ಹಾಗೆ ಇತ್ತು. ನಿನ್ನೆ ಒಂದು ನಿಧಾನದ ಹಾಡು. ಪ್ರೀತಿಸಿದವಳು ಸತ್ತು ಹೋದದ್ದು, ಗಂಡಸು ಗೋರಿ ಹತ್ರ ನಿಂತದ್ದು. ಹಾಡುವವ ಬಾಯಿ ಮುಚ್ಚಿದ. ಈಗ ಪೂರ್ತಿ ಮೌನ ಬೇಕು. ನಾನು ಹಿಮ್ಮಡಿ ಒತ್ತಿದೆ. ಒಳಗೆ 'ಕಟ್' ಅಂತ ಆಯ್ತು, ಒಂದು ಸದ್ದು ಬಂತು ನೋಡು, ಹಡಗಿನ ಸೈರನ್! ಆ ನಾವಿಕರು ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಸತ್ತವಳು ಎದ್ದು ಬಂದ್ಲು ಅಂತ ಕಂಡಿರ್ಬೇಕು ಅವರಿಗೆ."

ಉಮಾವತಿ ನಕ್ಕಳು. ಜಯಪಾಲ ನಗಲಿಲ್ಲ. "ಮ್ಯಾನೇಜರ್?" ಎಂದ.

"ಅವನು ಚಪ್ಪಾಳೆ ಹೊಡೀಲಿಲ್ಲ."

ಜಯಪಾಲ ಪೆಡಲ್ ಮಗುಚಿ ಬಿಚ್ಚಿದ. ತಡೆ ಮುರಿದಿತ್ತು. ಕಡ್ಡಿ ನಿಲ್ಲದೆ ಸುತ್ತ ತಿರುಗುತ್ತಿತ್ತು, ಸೊನ್ನೆಯನ್ನು ದಾಟಿ ಆಚೆ ಬದಿಯ ಪೂರ್ತಿ ಸದ್ದಿಗೆ ಹೋಗುತ್ತಿತ್ತು. "ಕಂಟ್ರೋಲ್ ಹಾಳು ಇದ್ದಿರ್ಬೇಕು," ಎಂದ.

"ಇರ್ಬಹುದು," ಎಂದ ಬ್ಯಾಪ್ಟಿಸ್ಟ್. ಮೇಜಿನಾಚೆಯಿಂದ ಕೈಚಾಚಿ ಜಯಪಾಲನ ಬಲಗೈಯನ್ನು ಹಿಡಿದುಕೊಂಡ. ಟೇಪು ಸುತ್ತಿದ ಬೆರಳನ್ನು ಬಿಟ್ಟು, ಪಕ್ಕದ ನಡುಬೆರಳಿನ ತುದಿಯನ್ನು ಉಗುರಿನಿಂದ ಬಲವಾಗಿ ಚಿವುಟಿದ. ಉಗುರಿನ ಗುರುತು ಬಿತ್ತು. ಜಯಪಾಲ ಅವನ ಮುಖವನ್ನೇ ನೋಡುತ್ತಿದ್ದ.

"ಚಿವುಟಿದೆ ನಾನು ಈಗ," ಎಂದ ಬ್ಯಾಪ್ಟಿಸ್ಟ್. "ಗೊತ್ತಾಯ್ತಾ ನಿಂಗೆ?"

ಜಯಪಾಲ ಆಗ ಕೆಳಗೆ ನೋಡಿ ಉಗುರಿನ ಗುರುತನ್ನು ಕಂಡ.

"ಎಷ್ಟು ಸಮಯ ಆಯ್ತು?"

"ಎಂಟು ತಿಂಗಳು," ಎಂದಳು ಉಮಾವತಿ. ಇಬ್ಬರೂ ಅವಳ ಕಡೆ ತಿರುಗಿದರು. "ಎಂತ ನೋಡುದು? ಚಾಯದ ಲೋಟ ಬಿಸಿ ಉಂಟು ಅಂತ ನನಗೆ ದಿನಾ ಬೈಯ್ಯುವ ಜನ. ಬೈಯ್ಯುದು ನಿಂತ್ರೆ ಗೊತ್ತಾಗುದಿಲ್ವಾ? ಅಂಗಿ ಬಟನ್ ಹಾಕ್ಲಿಕ್ಕೆ ಕನ್ನಡಿ ಬೇಕು ಇವರಿಗೆ ಈಗ. ಹೇಳ್ತಾರೆ, ಹೇಳ್ತಾರೆ ಅಂತ ಕಾದೆ."

ಕುಕ್ಕರ್ ಕೂಗಿತು. ಅವಳು ಒಳಗೆ ಹೋಗಿ ಒಲೆ ಆರಿಸಿ, ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದು ಮೇಜಿನ ಮುಂದೆ ಕುಳಿತಳು.

"ಇದಕ್ಕೆ ಬೆರಳಲ್ಲಿ ಎಂತ ಮಾಡ್ಬೇಕು? ಹೇಳಿ. ನಾನು ಮಾಡ್ತೇನೆ."

"ನಿನ್ನಿಂದ ಆಗುವುದಲ್ಲ ಅದು."

"ಹನ್ನೆರಡು ವರ್ಷದಿಂದ ಇಪ್ಪತ್ತೆರಡರವರೆಗೆ ಬೀಡಿ ಕಟ್ಟಿದ ಕೈ ಇದು. ದಿನಕ್ಕೆ ಸಾವಿರ. ಹೊಗೆಸೊಪ್ಪು ಎರಡು ಎಳೆ ಹೆಚ್ಚು ಬಿದ್ರೆ ಕಣ್ಣು ಬೇಡ ನನಗೆ, ಸುರುಳಿ ಸುತ್ತುವಾಗಲೇ ಗೊತ್ತಾಗ್ತಿತ್ತು. ಡಿಪೋದವ ನನ್ನ ಒಂದು ಬೀಡಿ ಬಿಸಾಡಿದ್ದಿಲ್ಲ."

ಗುಫೂಲಿನ ಭಜನೆ ಮಂಡಳಿಯ ಹೆಂಗಸರಿಗೆ ಹದಿಮೂರು ವರ್ಷದಲ್ಲಿ ಉಮಾವತಿ ಇದನ್ನು ಹೇಳಿರಲಿಲ್ಲ. ಅವರೆಲ್ಲ ಮ್ಯಾನೇಜರುಗಳ, ಅಕೌಂಟೆಂಟುಗಳ ಹೆಂಡಂದಿರು. ಈಗ ಬ್ಯಾಪ್ಟಿಸ್ಟನ ಎದುರು ಹೇಳಿದಳು, ಹೇಳಿದ್ದನ್ನು ಗಮನಿಸಿದ ಹಾಗೂ ಕಾಣಲಿಲ್ಲ.

ಡಬ್ಬದ ಕೊನೆಯ ಕಂಟ್ರೋಲ್ ಜಯಪಾಲನ ಕೆಲಸದ ಚೀಲದಲ್ಲಿತ್ತು. ಅವನು ಅದನ್ನು ಕೂರಿಸಿ ಬೆಸುಗೆ ಹಾಕಿದ. ವಯರುಗಳನ್ನು ಇಕ್ಕುಳದಲ್ಲಿ ಹಿಡಿದವಳು ಉಮಾವತಿ. ಆಮೇಲೆ ಅವನು ಕಡ್ಡಿಯನ್ನು ತೋರಿಸಿ, "ಮೆಲ್ಲ ತಿರುಗಿಸು. ಎಲ್ಲಿ ಮುಗೀತದೆ ಹೇಳು, ಒತ್ತಬೇಡ," ಎಂದ.

ಅವಳು ಕಣ್ಣು ಮುಚ್ಚಲಿಲ್ಲ. ಕಿಟಕಿಯ ಕಡೆ ನೋಡುತ್ತ ಎರಡು ಬೆರಳಲ್ಲಿ ತಿರುಗಿಸಿದಳು. ಬೀಡಿ ಕಟ್ಟುವವರು ಮಾತಾಡುತ್ತ ಎಲ್ಲೋ ನೋಡುತ್ತಿರುತ್ತಾರಲ್ಲ, ಹಾಗೆ.

"ಇಲ್ಲಿ ಮುಗೀತದೆ. ಮುಗಿಯುವ ಮೊದಲು ಒಂದು ಚೂರು ಮೆತ್ತಗೆ ಉಂಟು. ಅದಾದ ಮೇಲೆ ಗಟ್ಟಿ."

ಆ ಮೆತ್ತಗಿನದ್ದನ್ನು ಜಯಪಾಲ ಅವಳಿಗೆ ಹೇಳಿರಲಿಲ್ಲ. ಇಪ್ಪತ್ತು ವರ್ಷದಿಂದ ಅವನಿಗೆ ಗೊತ್ತಿದ್ದದ್ದು, ಅದಕ್ಕೊಂದು ಮಾತು ಇಟ್ಟಿರಲಿಲ್ಲ. "ಆ ಮೆತ್ತಗಿನ ನಡುವಿಗೆ ವಾಪಸು ತಾ," ಎಂದ. ಅವಳು ತಂದಳು, ಅವನು ಸ್ಕ್ರೂ ಬಿಗಿದ. ಸಡಿಲವಾಗಿದ್ದ ದಾರವನ್ನು ಬಿಚ್ಚಿ ಸ್ಪ್ರಿಂಗಿಗೆ ಮತ್ತೆ ಕಟ್ಟಿದವಳೂ ಅವಳೇ. ಒಂದು ಸುತ್ತು, ಒಂದು ಎಳೆತ, ಉಗುರಿನಿಂದ ಒಂದು ಒತ್ತು, ಗಂಟು ಬಿತ್ತು.

"ಜಯಪಾಲಾ, ನಿನ್ನ ಬೆಂಚಿನಲ್ಲಿ ಉಮಕ್ಕನನ್ನು ಕೂರಿಸಿ ನೀನು ಬಂದು ಕೋರಿರೊಟ್ಟಿ ಮಾಡು," ಎಂದ ಬ್ಯಾಪ್ಟಿಸ್ಟ್. ಊಟ ಮಾಡಿದ, ಎರಡು ಸಲ ಸಾರು ಹಾಕಿಸಿಕೊಂಡ, ಪೆಡಲ್ ಕಂಕುಳಲ್ಲಿಟ್ಟುಕೊಂಡು ಹೊರಟ. ಬಾಗಿಲಲ್ಲಿ ನಿಂತು, "ನಾಳೆ ಡಾಕ್ಟ್ರಲ್ಲಿಗೆ. ಹೋಗದಿದ್ರೆ ಶರೀಫನಿಗೆ ನಾನೇ ಹೇಳ್ತೇನೆ," ಎಂದ.

ಅವನು ಹೋದ ಮೇಲೆ ಜಯಪಾಲ ಹೆಂಡತಿಗೆ ಗೋಡೆಯ ಮಾತು ಹೇಳಿದ. ಅವಳೂ ಮೂಡುಬಿದಿರೆಯವಳೇ. ಬೀಡಿಯ ಕಟ್ಟು ಹೊತ್ತುಕೊಂಡು ಡಿಪೋಕ್ಕೆ ಅದೇ ರಸ್ತೆಯಲ್ಲಿ ಹೋದವಳು.

"ಅದರ ಕೆಳಗೆ ಇನ್ನೊಂದು ಸಾಲು ಇತ್ತಲ್ಲ?" ಎಂದಳು.

"ಯಾವ ಸಾಲು?"

"'ಬೇಗ ಬಂದರೆ ಪೂರ್ತಿ ಗುಣವಾಗುತ್ತದೆ, ಔಷಧಿ ಉಚಿತ.' ದೊಡ್ಡದಾಗಿಯೇ ಬರೆದಿತ್ತು."

ಜಯಪಾಲ ಯೋಚಿಸಿದ. ರೇಡಿಯೋ ಅಂಗಡಿಯಿಂದ ನೋಡಿದರೆ ಕಾಂಪೌಂಡಿನ ಕೆಳಭಾಗಕ್ಕೆ ಅಡ್ಡವಾಗಿ ಬೀಡಾ ಅಂಗಡಿಯೊಂದರ ತಗಡಿನ ಮಾಡು ಇತ್ತು. ಮೇಲಿನ ಸಾಲು ಮಾತ್ರ ಕಾಣುತ್ತಿತ್ತು.

"ನಂಗೆ ಕಂಡಿರ್ಲಿಲ್ಲ," ಎಂದ.

"ಆರು ವರ್ಷ ಎದುರಿಗೆ ಕೂತು?"

ಅವನು ಮೇಜಿನ ಮೇಲೆ ಬಿದ್ದಿದ್ದ ಸೀಸದ ಚೂರುಗಳನ್ನು ಗುಡಿಸಿ ಅಂಗೈಗೆ ಹಾಕಿಕೊಂಡ.

ಅದ್ಲಿಯಾದ ಕ್ಲಿನಿಕ್ಕಿನಲ್ಲಿ ಮೈಸೂರಿನ ಡಾಕ್ಟರ್ ನಾಗಮಣಿ ಇದ್ದರು. ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ಉಮಾವತಿ ಟ್ಯಾಕ್ಸಿ ತಂದು ನಿಲ್ಲಿಸಿದಳು. ಡಾಕ್ಟರು ಅವನ ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟಿದರು, ಎರಡೂ ಕೈಯನ್ನು ಕೆಳಗೆ ಮಡಚಿಸಿ ಒಂದು ನಿಮಿಷ ಹಿಡಿಸಿದರು, ಬೆನ್ನು ನೋಡಿದರು, ರಕ್ತ ತೆಗೆಸಿದರು.

"ಕುಷ್ಠ ಅಲ್ಲ ರೀ. ಯಾರು ಹೇಳಿದ್ದು ನಿಮಗೆ?"

"ಗೋಡೆ," ಎಂದ ಜಯಪಾಲ.

"ಗೋಡೆಯಾ?"

ಉಮಾವತಿ ವಿವರಿಸಿದಳು. ಡಾಕ್ಟರು ನಗಬೇಕೋ ಬೇಡವೋ ಎಂದು ತಿಳಿಯದೆ ಪೆನ್ನಿನ ಕ್ಯಾಪ್ ಹಾಕಿದರು. ಮಣಿಕಟ್ಟಿನ ಒಳಗೆ ನರ ಹಾದುಹೋಗುವ ದಾರಿ ಇಕ್ಕಟ್ಟಾಗಿದೆ, ವರ್ಷಗಟ್ಟಲೆ ಬೆರಳಿನ ಕೆಲಸ ಮಾಡುವವರಿಗೆ ಆಗುತ್ತದೆ, ಜೊತೆಗೆ ಸಕ್ಕರೆ ಕಾಯಿಲೆಯೂ ಇದೆ ಎಂದು ಹೇಳಿದರು. "ಫೆಬ್ರವರಿ, ಮಾರ್ಚಲ್ಲೇ ಬಂದಿದ್ರೆ ಪಟ್ಟಿ ಕಟ್ಟಿ, ರೆಸ್ಟ್ ಕೊಟ್ಟು ಸರಿ ಮಾಡಬಹುದಿತ್ತು. ಈಗ ಆಪರೇಷನ್ ಆಗಬೇಕು. ನೋವು, ಜುಮುಜುಮು ಎಲ್ಲ ಹೋಗತ್ತೆ. ಸ್ಪರ್ಶ ಎಷ್ಟು ವಾಪಸ್ ಬರತ್ತೆ ಅಂತ ನಾನು ಪ್ರಾಮಿಸ್ ಮಾಡಲ್ಲ."

ಆ ರೋಗವಲ್ಲ ಎಂದು ಕೇಳಿದ ಮೇಲೆ ಎಂಟು ತಿಂಗಳ ಭಾರ ಇಳಿಯಬೇಕಿತ್ತು. ಟ್ಯಾಕ್ಸಿಯಲ್ಲಿ ಕುಳಿತು ಜಯಪಾಲ ಕಾದ. ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು, ಹೊರಟಿತು. ಏನೂ ಇಳಿಯಲಿಲ್ಲ, ಏನೂ ಏರಲಿಲ್ಲ.

"ಶರೀಫರಿಗೆ ಹೇಳ್ತೇನೆ," ಎಂದ.

"ಹೇಳಿ," ಎಂದಳು ಉಮಾವತಿ.

ನಾಲ್ಕು ಗಂಟೆಗೆ ಅಂಗಡಿ ತೆರೆದಾಗ ಹೇಳಿದ. ಶರೀಫ್ ಅಡ್ಡಗೋಡೆಯ ಹಿಂದೆ ಬಂದು, ಖಾಲಿ ಟಿವಿ ಪೆಟ್ಟಿಗೆಯ ಮೇಲೆ ಕುಳಿತು, ಡಾಕ್ಟರ ಚೀಟಿಯನ್ನು ಓದಿದ.

"ನಂಗೆ ಗೊತ್ತಿತ್ತು ಜಯಪಾಲಣ್ಣ. ಹೋದ ತಿಂಗಳು ಆ ದೊಡ್ಡ ಟಿವಿ. ಪ್ಲಗ್ಗು ತೆಗೀದೆ ಅದರ ಚಾಸಿಸಿಗೆ ಬೆರಳು ಇಟ್ರಿ ನೀವು. ನಾನು ಇಲ್ಲೇ ನಿಂತಿದ್ದೆ. ನೀವು ಕೈ ಎಳ್ಕೊಳ್ಳಲೇ ಇಲ್ಲ. ಆವತ್ತಿಂದ ನಿದ್ರೆ ಇಲ್ಲ ನಂಗೆ. ನಿಮಗೆ ಕರೆಂಟ್ ಹೊಡೆದ್ರೆ ಮೊದಲು ಗೊತ್ತಾಗುದು ನಂಗೆ, ನಿಮಗಲ್ಲ."

"ಆವತ್ತೇ ಹೇಳ್ಬಹುದಿತ್ತಲ್ಲ ಸಾಹೇಬ್ರೇ."

"ಹೇಳಿದ್ರೆ ಮತ್ತೆ ಎಂತಾದ್ರೂ ಮಾಡ್ಬೇಕಲ್ಲ. ಅದಕ್ಕೇ ಹೇಳ್ಲಿಲ್ಲ."

ಜಯಪಾಲ ಬ್ಯಾಪ್ಟಿಸ್ಟನ ಪೆಡಲಿನ ಕಥೆಯನ್ನೂ ಹೇಳಿದ, ಉಮಾವತಿ ಮಾಡಿದ್ದನ್ನೂ ಹೇಳಿದ. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಶರೀಫನಿಗೆ ಅದು ಮೊದಲೇ ಮುಟ್ಟಿತ್ತು. ಬ್ಯಾಪ್ಟಿಸ್ಟ್ ಬೆಳಿಗ್ಗೆ ಫೋನ್ ಮಾಡಿ, ಒಂಬತ್ತು ವರ್ಷದಲ್ಲಿ ತನ್ನ ಕಾಲಿಗೆ ಪೆಡಲ್ ಇಷ್ಟು ಮೆತ್ತಗೆ ಸಿಕ್ಕಿಲ್ಲ ಎಂದಿದ್ದನಂತೆ.

"ಅಕ್ಕನಿಗೆ ನನ್ನ ಸಲಾಂ ಹೇಳಿ," ಎಂದ ಶರೀಫ್. "ಆದ್ರೆ ಅವರ ವೀಸಾದಲ್ಲಿ ಅವರು ಇಲ್ಲಿ ಕೆಲಸ ಮಾಡುವ ಹಾಗಿಲ್ಲ. ಯಾರಾದ್ರೂ ಕಂಪ್ಲೇಂಟ್ ಬರೆದು ಹಾಕಿದ್ರೆ ಅಂಗಡಿ ಖಲಾಸ್. ಮತ್ತೆ ಪೆಡಲ್ ಬರುದು ವರ್ಷಕ್ಕೆ ಎಷ್ಟು? ಹತ್ತು. ಟಿವಿ ಬರುದು ದಿನಕ್ಕೆ ಹತ್ತು."

"ಆಪರೇಷನ್ ಮಾಡಿಸಿ ಆರು ತಿಂಗಳು ನೋಡಿದ್ರೆ?"

ಶರೀಫ್ ಬೆಂಚಿನ ಕೆಳಗೆ ಸಾಲಾಗಿ ಇಟ್ಟಿದ್ದ ವಿಸಿಆರುಗಳನ್ನು ನೋಡಿದ. ಬೈಯುವುದು ಗೊತ್ತಿದ್ದರೆ ಬೈದುಬಿಡುತ್ತಿದ್ದ, ಅಂಥ ಮುಖ. "ಕಫೀಲ್ ಕೊಟ್ಟದ್ದು ಟೆಕ್ನಿಶಿಯನ್ನಿನ ಒಂದೇ ವೀಸಾ. ಅದು ನಿಮ್ಮ ಹೆಸರಲ್ಲಿ ಉಂಟು. ಹೊಸಬನನ್ನು ತರ್ಬೇಕಾದ್ರೆ ಅದು ಬಿಡ್ಬೇಕು. ಸೇಲ್ಸ್‌ಮ್ಯಾನ್ ವೀಸಾ ಒಂದು ಖಾಲಿ ಉಂಟು. ನೀವು ಕೌಂಟರಿಗೆ ಬನ್ನಿ. ನಿಮ್ಮನ್ನು ಊರಿಗೆ ಕಳಿಸುದಿಲ್ಲ ನಾನು, ಅಲ್ಲಾಹನ ಮೇಲೆ ಆಣೆ. ನಿಮ್ಮನ್ನು."

ಕೊನೆಯ ಶಬ್ದವನ್ನು ಅವನು ಎರಡು ಸಲ ಯಾಕೆ ಹೇಳಿದ ಎಂಬುದು ಇಬ್ಬರಿಗೂ ಗೊತ್ತಿತ್ತು. ಸೇಲ್ಸ್‌ಮ್ಯಾನ್ ಕಾರ್ಡಿನ ಮೇಲೆ ಹೆಂಡತಿ ಮಕ್ಕಳ ವೀಸಾ ಸಿಗುವುದಿಲ್ಲ.

"ಅಶ್ಮಿತಾಳ ಪರೀಕ್ಷೆ ಮಾರ್ಚಿನಲ್ಲಿ," ಎಂದ ಜಯಪಾಲ.

"ಮಾರ್ಚ್ ಮುಗಿಯುವವರೆಗೆ ಹೇಗಾದ್ರೂ ಎಳೆಯುವ. ಕಫೀಲನ ಕಾಲು ಹಿಡೀತೇನೆ. ಅದಕ್ಕಿಂತ ಆಚೆ ನನ್ನ ಕೈಯಲ್ಲಿ ಇಲ್ಲ ಅಣ್ಣ."

ಮನೆಗೆ ಹೋಗಿ ಹೇಳಿದಾಗ ಉಮಾವತಿ ಅಕ್ಕಿ ತೊಳೆಯುತ್ತಿದ್ದಳು. ನೀರು ಬಸಿದು, ಇನ್ನೊಂದು ಸಲ ನೀರು ಹಾಕಿ, ಅದನ್ನೂ ಬಸಿದಳು. ಅಶ್ಮಿತಾ ಸೋಫಾದಿಂದ ತಲೆ ಎತ್ತಿ, "ಸೋ ಟೆನ್ತ್ ಇಲ್ಲಿ ಇಲ್ವಾ?" ಎಂದು ಕೇಳಿದಳು. ಇಲ್ಲ ಎಂದ. ಅವಳು ಮತ್ತೆ ಪುಸ್ತಕ ನೋಡಿದಳು, ಆದರೆ ಹಾಳೆ ತಿರುಗಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅಪ್ಪ, ಅಲ್ಲಿ ಕನ್ನಡ ಪೇಪರ್ ಕಂಪಲ್ಸರಿಯಾ?" ಎಂದಳು.

"ನಾನು ಕಲಿಸ್ತೇನೆ," ಎಂದಳು ಉಮಾವತಿ. "ಎರಡನೇ ಸಾಲನ್ನೂ ಓದ್ಲಿಕ್ಕೆ ಕಲಿಸ್ತೇನೆ."

ಜಯಪಾಲ ಇದನ್ನು ಕೇಳಿ ನಕ್ಕ. ಆ ವರ್ಷದಲ್ಲಿ ಅವನು ನಕ್ಕದ್ದನ್ನು ಅವಳು ಕಂಡದ್ದು ಅದೊಂದೇ ಸಲ.

ಕಫೀಲ್ ಉಮಾವತಿ ಮತ್ತು ಅಶ್ಮಿತಾಳ ವೀಸಾಗಳಿಗೆ ಏಪ್ರಿಲ್ ಮೊದಲ ವಾರದವರೆಗೆ ಅವಧಿ ಕೊಡಿಸಿದ. ಪುತ್ತೂರಿನ ಸಂದೇಶ್ ಎಂಬ ಟೆಕ್ನಿಶಿಯನ್ ಜನವರಿ ಎರಡನೇ ವಾರದಲ್ಲಿ ಬಂದು ಬೆಂಚಿನಲ್ಲಿ ಕುಳಿತ, ಜಯಪಾಲ ಕೌಂಟರಿಗೆ ಹೋದ. ಜಯಪಾಲನ ಮಣಿಕಟ್ಟಿನ ಆಪರೇಷನ್ ಅದೇ ತಿಂಗಳು ಆಯಿತು. ಹೆಬ್ಬೆರಳಿಗೆ ಬಿಸಿ ತಣ್ಣಗೆ ತಿಳಿಯುವಷ್ಟು ಸ್ಪರ್ಶ ಬಂತು, ಉಳಿದೆರಡಕ್ಕೆ ಬರಲಿಲ್ಲ. ದಹ್ರಾನಿನ ಡ್ರೈವರ್ ಫೆಬ್ರವರಿಯಲ್ಲಿ ಇನ್ನೊಂದು ಡಬ್ಬ ಕಂಟ್ರೋಲುಗಳ ಜೊತೆ ಮೂರು ಪೆಡಲ್ ತಂದ. ಜಯಪಾಲ ಅವನ್ನು ಗುಫೂಲಿನ ಮನೆಗೆ ಒಯ್ದ. ಶರೀಫ್ ಚೀಲವನ್ನು ನೋಡಿದ, ಏನೆಂದು ಕೇಳಲಿಲ್ಲ. ಏಪ್ರಿಲಿನಿಂದ ಪೆಡಲ್ ತರಬೇಡ ಎಂದು ಡ್ರೈವರನಿಗೆ ಹೇಳಿದವನು ಜಯಪಾಲನೇ.

ಉಮಾವತಿ ಮತ್ತು ಅಶ್ಮಿತಾ ಏಪ್ರಿಲ್ ಆರರ ಬೆಳಗಿನ ವಿಮಾನದಲ್ಲಿ ಮುಂಬೈಗೆ, ಅಲ್ಲಿಂದ ಬಸ್ಸಿನಲ್ಲಿ ಮಂಗಳೂರಿಗೆ ಹೋದರು.